ಸೂತ್ರಕ್ಕೆ ಮುಂಚಿನ ಷರತ್ತು

ಎಂಜಿನಿಯರಿಂಗ್ ಓದುವವರಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್, ಥರ್ಮೊಡೈನಮಿಕ್ಸ್ ಎಂದರೆ ಅಳುಕುವವರೇ ಹೆಚ್ಚು. ಗಣಿತ ಕಠಿಣ ಎಂದು ಕಾರಣ ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಬರುವ ಬಹುಪಾಲು ಲೆಕ್ಕಗಳಿಗೆ ಪಿಯುಸಿ ಗಣಿತವೇ ಸಾಕಾಗುತ್ತದೆ. ಈ ವಿಷಯಗಳಲ್ಲಿ ಸೂತ್ರಕ್ಕಿಂತ ಅದರ ಷರತ್ತು ದೊಡ್ಡದು. ನಾವು ಕಲಿಸುತ್ತಿರುವುದು ಮಾತ್ರ ಸೂತ್ರವನ್ನು. ಕಷ್ಟದ ಬೇರು ಅಲ್ಲಿದೆ.

ಮನೆಯ ನಲ್ಲಿಯ ಪೈಪನ್ನೇ ನೋಡಿ. ಒತ್ತಡ ಅಷ್ಟೇ ಇದ್ದು ವ್ಯಾಸ ಅರ್ಧವಾದರೆ ನೀರು ಎಷ್ಟು ಬಂದೀತು? ಪೊಯ್ಸೆಯ ಸೂತ್ರ ಬಾಯಿಪಾಠವಾಗಿರುವ ವಿದ್ಯಾರ್ಥಿ ಹದಿನಾರರಲ್ಲಿ ಒಂದು ಪಾಲು ಎಂದುಬಿಡುತ್ತಾನೆ, ಅದರ ಪ್ರಕಾರ ಹರಿವು ವ್ಯಾಸದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ. ಆದರೆ ಆ ಸೂತ್ರ ನಡೆಯುವುದು ನೀರು ಪದರ ಪದರವಾಗಿ, ಅಂದರೆ ಲ್ಯಾಮಿನಾರ್ ಆಗಿ ಹರಿಯುವಾಗ ಮಾತ್ರ. 15 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ಓಡುವ ನೀರಿನ ರೆನಾಲ್ಡ್ಸ್ ಸಂಖ್ಯೆ, ಅಂದರೆ ಹರಿವು ಯಾವ ಬಗೆಯದು ಎಂದು ತಿಳಿಸುವ ಅಂಕಿ, ಸುಮಾರು 15,000. ಲ್ಯಾಮಿನಾರ್ ಹರಿವಿಗೆ ಪುಸ್ತಕ ಹಾಕುವ ಗೆರೆ 2,000ದ ಆಸುಪಾಸಿನಲ್ಲಿದೆ. ಹಾಗಾಗಿ ನಲ್ಲಿಯೊಳಗೆ ಇರುವುದು ಸುಳಿಗಳ ನೂಕಾಟ. ನಿಜವಾದ ಉತ್ತರ ಆರೇಳರಲ್ಲಿ ಒಂದು ಪಾಲಿನಷ್ಟು. ಲೆಕ್ಕದ ಯಾವ ಹೆಜ್ಜೆಯೂ ತಪ್ಪಿಲ್ಲ, ಉತ್ತರ ಮಾತ್ರ ಎರಡು ಪಟ್ಟಿಗೂ ಮಿಕ್ಕಿ ತಪ್ಪಿದೆ.

ಆ 2,000 ಕೂಡ ಕಲ್ಲಿನ ಮೇಲೆ ಕೆತ್ತಿದ ಸಂಖ್ಯೆಯಲ್ಲ. 1883ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಮ್ಯಾಂಚೆಸ್ಟರಿನಲ್ಲಿ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು, ಅದು ಎಲ್ಲಿ ಕದಡುತ್ತದೆ ಎಂದು ಗಮನಿಸಿದ. ತೊಟ್ಟಿಯ ನೀರನ್ನು ಚೆನ್ನಾಗಿ ನಿಲ್ಲಗೊಟ್ಟು ಎಚ್ಚರದಿಂದ ಒಳಬಿಟ್ಟಾಗ ಸಂಖ್ಯೆ 10,000 ದಾಟಿದರೂ ಎಳೆ ನೇರವಾಗಿಯೇ ಉಳಿಯಿತು. ಆ ಪ್ರಯೋಗವನ್ನು ನಮ್ಮ ಲ್ಯಾಬುಗಳಲ್ಲಿ ಇವತ್ತಿಗೂ ಮಾಡಿಸುತ್ತಾರೆ, ರೆಕಾರ್ಡ್ ಬುಕ್ಕಿಗೆ ಸಂಖ್ಯೆ ಬಿದ್ದರೆ ಮುಗಿಯಿತು. ಎಳೆ ಯಾಕೆ ಕದಡಿತು ಎಂಬ ಪ್ರಶ್ನೆಯ ಬೆನ್ನು ಹತ್ತಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ ದುಡಿದರು. ಹರಿವು ಒಂದು ಬಗೆಯಿಂದ ಇನ್ನೊಂದಕ್ಕೆ ಹೊರಳುವ ನಡುವಿನ ಪಟ್ಟಿಯ ಬಗ್ಗೆ 1958ರಲ್ಲಿ ಅವರು ಪ್ರಕಟಿಸಿದ ಲೇಖನ ಆ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ.

ಥರ್ಮೊಡೈನಮಿಕ್ಸಿನ ಕಥೆಯೂ ಹೀಗೆಯೇ. 1824ರಲ್ಲಿ ಸಾದಿ ಕಾರ್ನೊ ಕೇಳಿದ್ದು ಒಂದೇ: ಉಗಿಯಂತ್ರವನ್ನು ಎಷ್ಟು ಉತ್ತಮಪಡಿಸಬಹುದು, ಅದಕ್ಕೊಂದು ಮೇಲ್ಮಿತಿ ಇದೆಯೇ? ಉಗಿ 540 ಡಿಗ್ರಿ, ಕಂಡೆನ್ಸರ್ 40 ಡಿಗ್ರಿ ಸೆಲ್ಸಿಯಸ್ ಇದ್ದರೆ ಆ ಮಿತಿ, ಅಂದರೆ ಕೊಟ್ಟ ಶಾಖದಲ್ಲಿ ಕೆಲಸವಾಗಿ ಬದಲಾಗಬಹುದಾದ ಪಾಲು, ಸುಮಾರು ಶೇ. 61. ಕಲ್ಲಿದ್ದಲು ಸ್ಥಾವರಗಳು ಶೇ. 35ರಿಂದ 40ರ ಸುತ್ತ ನಿಲ್ಲುತ್ತವೆ. ಮಿತಿಯ ಆಚೆಗಿನ ಶೇ. 39ನ್ನು ಯಾವ ಜಾಣನೂ ಮರಳಿ ತರಲಾರ. ನಡುವಿನ ಅಂತರದಲ್ಲಿ ಒಂದಿಷ್ಟನ್ನು ಒಳ್ಳೆಯ ಎಂಜಿನಿಯರ್ ಉಳಿಸಬಲ್ಲ. ಈ ಎರಡು ನಷ್ಟಗಳ ವ್ಯತ್ಯಾಸ ತಿಳಿಯದವನಿಗೆ ಸ್ಟೀಮ್ ಟೇಬಲ್ ಬರೀ ಅಂಕಿಗಳ ಪುಸ್ತಕ.

ಲೆಕ್ಕ ಬಿಡಿಸಿಯೇ ಕೈ ಪಳಗಬೇಕು ಎಂಬ ವಾದದಲ್ಲಿ ಹುರುಳಿದೆ. ನೂರಾರು ಲೆಕ್ಕ ಮಾಡದೆ ಯಾರಿಗೂ ಎಂಟ್ರೊಪಿ ಒಲಿಯದು. ಆದರೆ ಷರತ್ತುಗಳನ್ನೆಲ್ಲ ಪ್ರಶ್ನೆಯೊಳಗೇ ಕೊಟ್ಟುಬಿಟ್ಟರೆ ವಿದ್ಯಾರ್ಥಿಗೆ ಉಳಿಯುವುದು ಸಂಖ್ಯೆ ತುಂಬುವ ಕೆಲಸ. ಅದನ್ನು ಸಾಫ್ಟ್‌ವೇರ್ ಇನ್ನೂ ಬೇಗ ಮಾಡುತ್ತದೆ. ಸಂಖ್ಯೆ ತಪ್ಪು ಷರತ್ತಿನ ಮೇಲೆ ನಿಂತಿದ್ದರೂ ಅದು ಬಣ್ಣಬಣ್ಣದ ಚಿತ್ರ ಕೊಡುತ್ತದೆ. ಪ್ರತಿ ಪತ್ರಿಕೆಯಲ್ಲೂ ಒಂದು ಪ್ರಶ್ನೆ ಬೇರೆ ರೀತಿಯದಿರಲಿ: ಪೈಪು, ದ್ರವ, ವೇಗವನ್ನು ಮಾತ್ರ ಕೊಟ್ಟು, ಇಲ್ಲಿ ಯಾವ ಸೂತ್ರ ಸಲ್ಲದು, ಯಾಕೆ ಸಲ್ಲದು ಎಂದು ಕೇಳಲಿ. ಮೌಲ್ಯಮಾಪನಕ್ಕೆ ತುಸು ಹೆಚ್ಚು ಹೊತ್ತು ಹಿಡಿದೀತು. ಆ ಹೊತ್ತನ್ನು ವಿಶ್ವವಿದ್ಯಾಲಯಗಳು ಕೊಡಬೇಕು.