ತಾರಸಿಯ ಮೇಲೆ ಸೌರಫಲಕ: ಭಾರಕ್ಕಿಂತ ಗಾಳಿಯೇ ದೊಡ್ಡದು

ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ‘ಪಿಎಂ ಸೂರ್ಯ ಘರ್’ ಯೋಜನೆ ಆರಂಭಿಸಿದ ಮೇಲೆ, ಮನೆಯ ತಾರಸಿಯಲ್ಲೇ ವಿದ್ಯುತ್ ಪಡೆಯುವ ಆಸೆ ಅನೇಕರಲ್ಲಿ ಮೂಡಿದೆ. ಜೊತೆಗೇ ಒಂದು ಅಳುಕು. ಹಳೆಯ ತಾರಸಿ ಇಷ್ಟೊಂದು ಫಲಕಗಳ ಭಾರವನ್ನು ತಾಳೀತೇ?

ಲೆಕ್ಕ ಹಾಕಿದರೆ ಅಳುಕು ಬಹುಪಾಲು ಕರಗುತ್ತದೆ. 550 ವಾಟ್‌ನ ಒಂದು ಫಲಕದ ವಿಸ್ತೀರ್ಣ ಸುಮಾರು 2.6 ಚದರ ಮೀಟರ್, ತೂಕ ಸುಮಾರು 28 ಕಿಲೋ. ಮೂರು ಕಿಲೋವಾಟ್‌ಗೆ ಆರು ಫಲಕ ಸಾಕು. ಒಟ್ಟು 168 ಕಿಲೋ. ಸಾವಿರ ಲೀಟರಿನ ತುಂಬಿದ ನೀರಿನ ಟ್ಯಾಂಕು ಇದರ ಆರು ಪಟ್ಟು ತೂಗುತ್ತದೆ! ಜನ ಓಡಾಡುವ ತಾರಸಿ ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆ ಹೊರುವಂತಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಫಲಕ, ಚೌಕಟ್ಟು ಎರಡೂ ಸೇರಿ ಸಾಮಾನ್ಯವಾಗಿ ಇದರ ಕಾಲು ಭಾಗವೂ ಆಗದು.

ಹಾಗಾದರೆ ಅಪಾಯ ಎಲ್ಲಿದೆ? ಗಾಳಿಯಲ್ಲಿ. ಬಿರುಗಾಳಿಗೆ ಕೊಡೆ ಮೇಲಕ್ಕೆ ಮಗುಚಿಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಓರೆಯಾಗಿ ನಿಂತ ಫಲಕದ ಅಡಿಗೆ ನುಗ್ಗುವ ಗಾಳಿಯೂ ಅದನ್ನು ಹಾಗೆಯೇ ಎತ್ತುತ್ತದೆ. ಗಾಳಿಯ ಒತ್ತಡ ತಿಳಿಯಲು ವೇಗದ ವರ್ಗವನ್ನು 0.6ರಿಂದ ಗುಣಿಸಬೇಕು. (ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.2 ಕಿಲೋ, ಅದರ ಅರ್ಧವೇ ಈ 0.6.) ಮಾನಕದ ಪ್ರಕಾರ ಬೆಂಗಳೂರಿಗೆ ಲೆಕ್ಕಕ್ಕೆ ಹಿಡಿಯುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್. ಒತ್ತಡ ಚದರ ಮೀಟರಿಗೆ 653 ನ್ಯೂಟನ್, ಅಂದರೆ ಸುಮಾರು 66 ಕಿಲೋ ತೂಕಕ್ಕೆ ಸಮ. ಆರು ಫಲಕಗಳ ಮೇಲೆ ಒಂದು ಟನ್ನು! ಫಲಕದ ಓರೆ, ಎತ್ತರ, ಜಾಗಗಳಿಗೆ ತಕ್ಕಂತೆ ಇದು ಹೆಚ್ಚು ಕಡಿಮೆ ಆಗುತ್ತದೆ. ತಾರಸಿಯ ಅಂಚು, ಮೂಲೆಗಳಲ್ಲಿ ಎಳೆತ ಜಾಸ್ತಿ.

ಈ ಎಳೆತವನ್ನು ತಡೆಯಲು ಎರಡು ದಾರಿಗಳಿವೆ. ಒಂದು, ಚೌಕಟ್ಟಿನ ಕಾಲುಗಳಿಗೆ ಕಾಂಕ್ರೀಟ್ ದಿಮ್ಮಿಗಳ ಭಾರ ಕೊಡುವುದು. ಆಗ ತಾರಸಿಯ ಮೇಲಿನ ಹೊರೆ ನಿಜವಾಗಿಯೂ ಏರುತ್ತದೆ. ಆದ್ದರಿಂದ ದಿಮ್ಮಿಗಳು ತೊಲೆ, ಕಂಬಗಳ ನೇರಕ್ಕೆ ಕೂರಬೇಕು. ಇನ್ನೊಂದು, ತಾರಸಿಯನ್ನು ಕೊರೆದು ಬೋಲ್ಟ್ ಹಾಕುವುದು. ಆ ತೂತನ್ನು ಸರಿಯಾಗಿ ಮುಚ್ಚದಿದ್ದರೆ ಮಳೆನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತೆಳು ಪ್ಯಾರಾಪೆಟ್ ಗೋಡೆಗೆ ಚೌಕಟ್ಟನ್ನು ಬಿಗಿಯುವುದಂತೂ ಬೇಡ. ಹೆಂಚಿನ ಮನೆಯಾದರೆ ಹಿಡಿತ ಇರಬೇಕಾದ್ದು ಹೆಂಚಿನ ಮೇಲಲ್ಲ, ಕೆಳಗಿನ ಪಕ್ಕಾಸಿನ ಮೇಲೆ. ಅದಕ್ಕೆ ಗೆದ್ದಲು ಹಿಡಿದಿದೆಯೇ ಎಂದು ಮೊದಲು ನೋಡಬೇಕು.

ಬಟ್ಟೆ, ಹಪ್ಪಳ ಒಣಗಿಸಲು ಜಾಗ ಉಳಿಯಲೆಂದು ಕೆಲವರು ಫಲಕಗಳನ್ನು ಆಳೆತ್ತರಕ್ಕೆ ಏರಿಸುತ್ತಾರೆ. ಎತ್ತರ ಹೆಚ್ಚಿದಷ್ಟೂ ಬುಡದ ಮೇಲೆ ಸನ್ನೆಗೋಲಿನ ಒತ್ತಾಯ ಹೆಚ್ಚು. ಹಣ ಕಟ್ಟುವ ಮುನ್ನ ಸಿವಿಲ್ ಇಂಜಿನಿಯರ್ ಒಬ್ಬರಿಗೆ ತಾರಸಿ ತೋರಿಸಿ, ‘ಎಷ್ಟು ವೇಗದ ಗಾಳಿಗೆ ಲೆಕ್ಕ ಹಾಕಿದ್ದೀರಿ?’ ಎಂದು ಫಲಕ ಕೂರಿಸುವವರನ್ನು ಕೇಳುವುದು ಜಾಣತನ.

ವಿದ್ಯಾರ್ಥಿಗಳಿಗೊಂದು ಲೆಕ್ಕ: ಮಂಗಳೂರಿಗೆ ಮಾನಕ ಹೇಳುವ ವೇಗ ಸೆಕೆಂಡಿಗೆ 39 ಮೀಟರ್. ವೇಗ ಬೆಂಗಳೂರಿಗಿಂತ ಶೇಕಡ 18ರಷ್ಟು ಹೆಚ್ಚು. ಒತ್ತಡ ಶೇಕಡ 40ರಷ್ಟು ಹೆಚ್ಚು. ಏಕೆ? ವರ್ಗ ಮಾಡಿ ನೋಡಿ, ತಿಳಿಯುತ್ತದೆ.