ಜೀಪಿಗೆ ವಯಸ್ಸು ಕೇಳಬೇಡಿ

ಸರ್ಕಾರಿ ಜೀಪಿಗೆ ಸಾವು ಯಾವಾಗ ಬರುತ್ತದೆ ಎಂಬುದು ಈಗ ಮೊದಲೇ ಗೊತ್ತಿರುವ ಸಂಗತಿ. ನೋಂದಣಿಯಾದ ದಿನದಿಂದ ಸರಿಯಾಗಿ 15 ವರ್ಷಕ್ಕೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಕೇಂದ್ರದ ನಿಯಮದಂತೆ, ಅವಧಿ ಮುಗಿದ ಸರ್ಕಾರಿ ವಾಹನದ ನೋಂದಣಿ ತಾನಾಗಿಯೇ ರದ್ದಾಗುತ್ತದೆ. ಗಾಡಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗುತ್ತದೆ. ಸೇನೆ ಮತ್ತು ಆಂತರಿಕ ಭದ್ರತೆಯ ಕೆಲವು ವಿಶೇಷ ವಾಹನಗಳಿಗಷ್ಟೇ ವಿನಾಯಿತಿ. ಎಂಜಿನ್ ಹೇಗಿದೆ, ಚೆಸ್ಸಿಗೆ ತುಕ್ಕು ಹಿಡಿದಿದೆಯೇ, ಎಷ್ಟು ಹೊಗೆ ಉಗುಳುತ್ತದೆ ಎಂದು ಬಗ್ಗಿ ನೋಡುವ ಕಷ್ಟವನ್ನು ಈ ನಿಯಮ ಯಾರಿಗೂ ಕೊಡುವುದಿಲ್ಲ. ಕ್ಯಾಲೆಂಡರ್ ನೋಡಿದರೆ ಮುಗಿಯಿತು.

ಈ ನಿಯಮದ ಮೇಲೆ ನನಗೆ ಸಿಟ್ಟಿದೆ. ಅದರ ಕಾರಣ ಹೇಳಬೇಕಾದರೆ ಲಿಂಗಸುಗೂರಿನಿಂದಲೇ ಹೇಳಬೇಕು.

ನಮ್ಮೂರು ಉಪವಿಭಾಗದ ಕೇಂದ್ರ. ಸಹಾಯಕ ಆಯುಕ್ತರ ಕಚೇರಿ ಇಲ್ಲಿದೆ. ಉತ್ತರಕ್ಕೆ ಕೃಷ್ಣೆ, ಅದಕ್ಕೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ, ಅಲ್ಲಿಂದ ಹೊರಟ ಬಲದಂಡೆ ಕಾಲುವೆ. ಇಷ್ಟು ಕಚೇರಿ, ಇಷ್ಟು ಕಾಲುವೆ ಇದ್ದ ಮೇಲೆ ಜೀಪುಗಳಿಗೇನು ಬರ? ಎಂಜಿನಿಯರುಗಳು, ಓವರ್‌ಸಿಯರುಗಳು, ತಹಶೀಲ್ದಾರರು ಎಲ್ಲರೂ ಜೀಪಿನಲ್ಲೇ ಓಡಾಡಿದವರು. ಇಲಾಖೆಗೆ ಸಾಕಾದ ಜೀಪು ಹರಾಜಿಗೆ ಬರುತ್ತಿತ್ತು. ಹರಾಜಿನಲ್ಲಿ ಹಿಡಿದವನು ಅದರ ಮೇಲ್ಹೊದಿಕೆ ಕಿತ್ತು, ಹಿಂದಿನ ಸೀಟು ತೆಗೆದು, ಹೊಲಕ್ಕೆ ಗೊಬ್ಬರದ ಚೀಲ, ಸಂತೆಗೆ ಮೆಣಸಿನಕಾಯಿ, ಜಾತ್ರೆಗೆ ಇಡೀ ಓಣಿಯನ್ನೇ ತುಂಬಿಕೊಂಡು ಹೋಗುತ್ತಿದ್ದ. ಒಂದು ಗಾಡಿಗೆ ಎರಡನೇ ಬಾಳು, ಮೂರನೇ ಬಾಳು ಸಿಗುತ್ತಿದ್ದದ್ದು ಹೀಗೆ. ಆ ಹರಾಜಿನ ದಾರಿಯನ್ನೇ ಈಗ ಮುಚ್ಚಿದ್ದಾರೆ.

ಅಮೆರಿಕದಲ್ಲಿ ಇದೇ ಬಗೆಯ ಬುದ್ಧಿಯಿಂದ ಹುಟ್ಟಿದ ಒಂದು ಗಾಡಿಯಿದೆ, ಡ್ಯೂನ್ ಬಗ್ಗಿ ಅಂತ. ಮರಳು ದಿಬ್ಬದ ಮೇಲೆ ಓಡುವ ಬಂಡಿ. ಬ್ರೂಸ್ ಮೇಯರ್ಸ್ ಎಂಬ ಕ್ಯಾಲಿಫೋರ್ನಿಯದ ಮನುಷ್ಯ ದೋಣಿ ಕಟ್ಟುವವನು, ಅಲೆ ಸವಾರಿಯ ಹುಚ್ಚಿನವನು. 1964ರಲ್ಲಿ ದೋಣಿಗೆ ಬಳಸುವ ಫೈಬರ್ ಗ್ಲಾಸಿನಿಂದಲೇ ಸ್ನಾನದ ತೊಟ್ಟಿಯಂಥ ಒಂದು ಮೈ ಮಾಡಿ, ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನು, ಗೇರು, ಚಕ್ರಗಳನ್ನು ಅದಕ್ಕೆ ಜೋಡಿಸಿದ. ಮುಂದೆ ಹಳೆ ಬೀಟಲ್ಲಿನ ತಳವನ್ನೇ ಕತ್ತರಿಸಿ ಗಿಡ್ಡ ಮಾಡಿ, ಅದರ ಮೇಲೆ ಈ ಮೈ ಕೂರಿಸುವ ಪದ್ಧತಿ ಬಂತು. ಬೀಟಲ್ಲಿಗೆ ಎಂಜಿನ್ ಹಿಂದೆ ಇರುವುದರಿಂದ ಭಾರವೆಲ್ಲ ಎಳೆಯುವ ಚಕ್ರದ ಮೇಲೇ ಬಿದ್ದು, ನಾಲ್ಕು ಚಕ್ರಕ್ಕೆ ಶಕ್ತಿ ಕೊಡದೆಯೇ ಗಾಡಿ ಮರಳಿನಲ್ಲಿ ಓಡುತ್ತದೆ. 1967ರಲ್ಲಿ ಮೆಕ್ಸಿಕೊದ ಬಾಹಾ ಮರುಭೂಮಿಯಲ್ಲಿ ನಡೆದ ಮೊದಲ ದೊಡ್ಡ ಓಟವನ್ನು ಗೆದ್ದದ್ದು ಅವನ ಬಗ್ಗಿಯೇ. ಅದನ್ನು ಕಂಡಕಂಡವರೆಲ್ಲ ನಕಲು ಮಾಡಿದರು. ಆತ ನ್ಯಾಯಾಲಯಕ್ಕೆ ಹೋಗಿ ಸೋತ. ಅವನು ಮಾಡಿದ್ದು ಕೆಲವು ಸಾವಿರ, ನಕಲುಗಳು ಅದರ ಹಲವು ಪಟ್ಟು. ಅವನ ಕಂಪನಿಗೆ ಅದು ನಷ್ಟವೇ, ಆದರೆ ಸಾವಿರಾರು ಮನೆಗಳ ಹಿತ್ತಲಲ್ಲಿ ಹುಡುಗರು ಪಾನಾ ಹಿಡಿದು ಹಳೆ ಕಾರು ಬಿಚ್ಚಿದರಲ್ಲ, ಅದನ್ನು ಯಾವ ಲೆಕ್ಕದಲ್ಲಿ ಬರೆಯುತ್ತೀರಿ?

ನಮ್ಮಲ್ಲಿ ಮರಳು ದಿಬ್ಬಗಳಿಲ್ಲ. ಕರ್ನಾಟಕದ ಹೆಸರಾಂತ ದಿಬ್ಬಗಳು ತಲಕಾಡಿನಲ್ಲಿವೆ, ಅವು ಗುಡಿಗಳನ್ನು ಹೂತುಹಾಕುವುದರಲ್ಲಿ ನಿರತವಾಗಿವೆ. ರಾಯಚೂರು ಸೀಮೆಯಲ್ಲಿ ಮರಳು ಎಂದ ಕೂಡಲೇ ನೆನಪಾಗುವುದು ನಡುರಾತ್ರಿಯ ಟ್ರ್ಯಾಕ್ಟರು. ಇಲ್ಲಿ ಗಾಡಿಯ ಪರೀಕ್ಷೆ ನಡೆಯುವುದು ಎರೆಯಲ್ಲಿ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ ಈ ಮಣ್ಣು, ಒಂದು ಹದಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿ ಮೆತ್ತಿ ಮಡ್‌ಗಾರ್ಡಿನ ತನಕ ತುಂಬಿಕೊಳ್ಳುತ್ತದೆ. ಹೊಸ ಹೊಸ ಕಾರುಗಳು ಮುಖ್ಯ ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತವೆ. ಹಳೆ ಜೀಪು ಸಣ್ಣ ಲಿವರ್ ಎಳೆಸಿಕೊಂಡು, ನಾಲ್ಕೂ ಚಕ್ರ ತಿರುಗಿಸುತ್ತಾ, ಗೊಣಗುತ್ತಾ ಹೊಲ ಮುಟ್ಟುತ್ತದೆ. ಹಾಗಾಗಿ ನಮ್ಮ ಡ್ಯೂನ್ ಬಗ್ಗಿ ಯಾವುದು ಎಂದರೆ, ಮೇಲ್ಹೊದಿಕೆ ಇಲ್ಲದ ಹಳೆ ಮಹೀಂದ್ರ ಜೀಪು.

ಅಂಥದ್ದೊಂದನ್ನು ಗೆಳೆಯ ಮತ್ತು ನಾನು ಕೂಡಿ ಕೊಂಡೆವು. ಎಂಎಂ 540. ಇಲಾಖೆಯಲ್ಲಿ ದುಡಿದು, ಹರಾಜಾಗಿ, ರೈತರೊಬ್ಬರ ಕೈ ಸೇರಿ, ಕೊನೆಗೆ ಅವರ ಕಣದ ಮೂಲೆಯಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಅದರ ಎಂಜಿನ್ನು ಫ್ರಾನ್ಸಿನ ಪೂಜೋ ಕಂಪನಿಯ ವಿನ್ಯಾಸದ ನಾಲ್ಕು ಸಿಲಿಂಡರಿನ ಡೀಸೆಲ್, ವರ್ಷಗಟ್ಟಲೆ ತಿರುಗದೆ ಬಿಗಿದುಹೋಗಿತ್ತು. ನಮ್ಮ ಉಸ್ತಾದರು ಬಾನೆಟ್ ಎತ್ತಿ, ಬಹಳ ಹೊತ್ತು ನೋಡಿ ಹೇಳಿದ್ದು ಇಷ್ಟೇ: "ಸತ್ತಿಲ್ಲ ತಮ್ಮಾ, ಮಕ್ಕೊಂಡದ. ಎಬ್ಬಸ್ಬೇಕು ಅಷ್ಟ."

ಎಬ್ಬಿಸಲು ಏಳು ತಿಂಗಳ ಭಾನುವಾರಗಳು ಬೇಕಾದವು. ನಾಝಲ್ ಬಿಚ್ಚಿ ಆ ತೂತುಗಳಿಂದ ಡೀಸೆಲ್ ಸುರಿದು ವಾರ ಬಿಟ್ಟೆವು. ಮುಂದಿನ ಭಾನುವಾರ ಮುಂಭಾಗದ ಪುಲ್ಲಿಯ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ ಒತ್ತಿದರೆ ಅಲುಗಲಿಲ್ಲ. ಮತ್ತೆ ಡೀಸೆಲ್, ಮತ್ತೊಂದು ವಾರ. ಮೂರನೇ ಭಾನುವಾರ ಪಾನಾ ಒಂದು ಬೆರಳಿನಷ್ಟು ಸರಿಯಿತು. ಒಳಗೆ ನಾಲ್ಕು ಪಿಸ್ಟನ್ನು ಸಿಲಿಂಡರಿನ ಗೋಡೆಯನ್ನು ಬಿಟ್ಟುಕೊಟ್ಟ ಆ ಕ್ಷಣ ಕೈಗೆ ಗೊತ್ತಾಗುತ್ತದೆ, ಕಿವಿಗೆ ಏನೂ ಕೇಳುವುದಿಲ್ಲ. ಉಸ್ತಾದರು ಮಾತಾಡದೆ ಚಹಾ ತರಿಸಿದರು.

ಆಮೇಲೆ ಬಿಚ್ಚಿದಷ್ಟೂ ಕೆಲಸ. ತಳದ ತಗಡು ಮುಟ್ಟಿದರೆ ಉದುರುತ್ತಿತ್ತು. ಅಷ್ಟನ್ನೂ ಕತ್ತರಿಸಿ ಹೊಸ ಶೀಟು ವೆಲ್ಡ್ ಮಾಡಿಸಿದೆವು. ವೈರುಗಳನ್ನು ಇಲಿ ತಿಂದಿದ್ದವು. ಬ್ರೇಕಿನ ರಬ್ಬರುಗಳು ಹಪ್ಪಳ. ಸ್ಪ್ರಿಂಗ್ ಪ್ಲೇಟಿನ ಬುಷ್‌ಗಳು ಎಲ್ಲೂ ಸಿಗಲಿಲ್ಲ, ಊರಿನ ಲೇತ್‌ನಲ್ಲೇ ತಿರುವಿಸಿದ್ದಾಯಿತು. ಡೀಸೆಲ್ ಪಂಪನ್ನು ಸಿಂಧನೂರಿಗೆ ಒಯ್ದೆವು. ಇದು ನನಗೆ ಬಹಳ ಹಿಡಿಸಿದ ಸಂಗತಿ: ತುಂಗಭದ್ರೆಯ ಎಡದಂಡೆ ಕಾಲುವೆ ಬಂದದ್ದರಿಂದ ಸಿಂಧನೂರು ಭತ್ತದ ಸೀಮೆಯಾಯಿತು, ಭತ್ತಕ್ಕಾಗಿ ಟ್ರ್ಯಾಕ್ಟರುಗಳು ಬಂದವು, ಟ್ರ್ಯಾಕ್ಟರುಗಳಿಗಾಗಿ ಪಂಪು ರಿಪೇರಿಯ ಅಂಗಡಿಗಳು ಬಂದವು, ಆ ಅಂಗಡಿಯಿಂದ ನಮ್ಮ ಜೀಪಿಗೆ ಜೀವ ಬಂತು. ಒಂದು ಹಳೆ ಗಾಡಿ ಬದುಕಿರುವುದು ಅದರ ಮಾಲೀಕನ ಪ್ರೀತಿಯಿಂದ ಮಾತ್ರ ಅಲ್ಲ. ಸುತ್ತಮುತ್ತ ಮೂವತ್ತು ಮೈಲಿಯೊಳಗೆ ಎಷ್ಟು ಕೈಗಳಿಗೆ ಕೆಲಸ ಗೊತ್ತಿದೆ ಎಂಬುದರ ಮೇಲೆ.

ಕೊನೆಯ ಭಾನುವಾರ ಪೈಪುಗಳಿಂದ ಗಾಳಿ ತೆಗೆದು, ಹೀಟರ್ ಹಚ್ಚಿ, ಸೆಲ್ಫ್ ಹೊಡೆದಾಗ ಮೊದಲು ಬಿಳಿ ಹೊಗೆ, ಆಮೇಲೆ ಒಂದೇ ಸಿಲಿಂಡರಿನ ಕುಟ್ಟಾಣಿ ಸದ್ದು, ಆಮೇಲೆ ಎರಡು, ಮೂರು, ನಾಲ್ಕು. ಇಂಥ ಎಂಜಿನ್ನಿಗೆ ಒಮ್ಮೆ ಹೊತ್ತಿಕೊಂಡ ಮೇಲೆ ಕರೆಂಟಿನ ಹಂಗೂ ಇಲ್ಲ. ಬ್ಯಾಟರಿ ಕಿತ್ತಿಟ್ಟರೂ ಓಡುತ್ತದೆ. ಕೆಟ್ಟರೆ ಏಕೆ ಕೆಟ್ಟಿತೆಂದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಮೂಗಿಗೆ ಹತ್ತುತ್ತದೆ. ಈಗಿನ ಕಾರು ಕೆಟ್ಟರೆ ಡ್ಯಾಶ್‌ಬೋರ್ಡಿನಲ್ಲೊಂದು ಹಳದಿ ದೀಪ ಹತ್ತುತ್ತದೆ, ಲ್ಯಾಪ್‌ಟಾಪ್ ಹಿಡಿದವನು ಬರುವ ತನಕ ಮಾಲೀಕನೂ ಮೆಕ್ಯಾನಿಕ್ಕನೂ ಸಮಾನ ಅಜ್ಞಾನಿಗಳಾಗಿ ಕೂರುತ್ತಾರೆ.

ಓಡಿಸುವ ಸುಖವೇ ಬೇರೆ. ಸ್ಟೇರಿಂಗ್ ಕಾಲು ಸುತ್ತು ಖಾಲಿಯೇ ತಿರುಗುತ್ತದೆ, ಅದನ್ನು ಲೆಕ್ಕದಲ್ಲಿಟ್ಟುಕೊಂಡು ತಿರುವಿಗೆ ಮೊದಲೇ ಕೈ ಹೊರಡಬೇಕು. ಬ್ರೇಕಿಗೂ ಅಷ್ಟೇ, ಒದೆಯುವ ಮೊದಲು ಯೋಚಿಸಬೇಕು. 50ರ ವೇಗ ದಾಟಿದರೆ ಮಾತು ಕೇಳುವುದಿಲ್ಲ, ಹಾಗಾಗಿ ದಾಟುವುದಿಲ್ಲ. ಜಲದುರ್ಗದ ಕಡೆ ಹೋಗುವಾಗ ತೊಗರಿ ಹೂವಿನ ಹಳದಿ, ಆಮೇಲೆ ಹೊಳೆಯ ತಂಪು, ಶೀಲಹಳ್ಳಿ ಸೇತುವೆಯ ಮೇಲೆ ನೀರಿನ ವಾಸನೆ. ಎಲ್ಲವೂ ನೇರವಾಗಿ ಮೈಗೇ ಬರುತ್ತವೆ. ದಾರಿಯಲ್ಲಿ ನಿಂತ ಮುದುಕರು "ಇದು ಕಾಲುವಿ ಸಾಹೇಬ್ರ ಜೀಪಲ್ಲೇನ್ರೀ?" ಎಂದು ಕೈ ಮಾಡುತ್ತಾರೆ. ಹತ್ತಿಸಿಕೊಳ್ಳದೆ ಮುಂದೆ ಹೋಗಲಾಗುವುದಿಲ್ಲ.

ಇನ್ನು ವಾದಕ್ಕೆ ಬರುತ್ತೇನೆ. ಮೊದಲ ಆಕ್ಷೇಪ ಹೊಗೆಯದು, ಅದು ಹಗುರವಾದ ಆಕ್ಷೇಪವಲ್ಲ. ಬಿಎಸ್-6 ಗಾಡಿಯ ಪಕ್ಕ ನಮ್ಮ ಜೀಪು ನಿಲ್ಲಿಸಿದರೆ ನಮ್ಮದೇ ಕೊಳಕು; ಒಪ್ಪುತ್ತೇನೆ. ಆದರೆ ಹೊಗೆ ಅಳೆಯಲು ಯಂತ್ರವಿದೆ, ಹಳೆ ಡೀಸೆಲ್ ಗಾಡಿಗೆ 65 ಹಾರ್ಟ್ರಿಜ್ ಎಂಬ ಮಿತಿಯೂ ಇದೆ. ಆ ಮಿತಿ ಸಡಿಲವೆನಿಸಿದರೆ ಬಿಗಿ ಮಾಡಿ. ದಾಟಿದ ಗಾಡಿಯನ್ನು ನಿಲ್ಲಿಸಿ, ನಾನೇ ಕೀಲಿ ಕೊಡುತ್ತೇನೆ. ನಾಝಲ್ ಸರಿ ಇಲ್ಲದ ಐದು ವರ್ಷದ ಟಂಟಂ ಕರಿ ಹೊಗೆ ಬಿಡುತ್ತಾ ಬಸ್ ಸ್ಟ್ಯಾಂಡಿನ ಮುಂದೆ ದಿನಕ್ಕೆ ಇಪ್ಪತ್ತು ಸಲ ಹಾಯುವಾಗ, ವಾರಕ್ಕೊಮ್ಮೆ ಹೊರಬರುವ ಜೀಪಿನ ಹುಟ್ಟಿದ ದಿನಾಂಕ ಕೇಳುವುದು ಯಾವ ವಿಜ್ಞಾನ? ಹೊಸ ಗಾಡಿಯ ಉಕ್ಕು, ರಬ್ಬರು, ಬಣ್ಣ ಆಕಾಶದಿಂದ ಉದುರುವುದಿಲ್ಲ, ಅವುಗಳಿಗೂ ಎಲ್ಲೋ ಹೊಗೆ ಏಳುತ್ತದೆ.

ಖಾಸಗಿ ಗಾಡಿಗಳನ್ನು ವಯಸ್ಸಿನ ಕಾರಣಕ್ಕೇ ಒಡೆಯಬೇಕೆಂದು ಕೇಂದ್ರದ ಗುಜರಿ ನೀತಿ ಹೇಳುವುದಿಲ್ಲ, ಪರೀಕ್ಷೆಯಲ್ಲಿ ಪಾಸಾದರೆ ಇಟ್ಟುಕೊಳ್ಳಬಹುದು. ಸರಿ. ಆದರೆ ಶುಲ್ಕ ನೋಡಿ. 15 ವರ್ಷ ದಾಟಿದ ಕಾರು, ಜೀಪುಗಳ ಮರುನೋಂದಣಿಗೆ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವುಗಳಿಗೆ 10,000 ಮಾಡಿದರು, ಬೈಕಿಗೆ 2,000. ಒಡೆ ಎಂದು ಹೇಳದೆ ಒಡೆಸುವ ವಿಧಾನ ಇದು. ಹಳೆ ಲೂನಾದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವನಿಗೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ಅಪ್ಪನ ಯೆಜ್ಡಿಯನ್ನು ಬಿಡದೆ ಓಡಿಸುತ್ತಿರುವ ಮಾಸ್ತರರಿಗೆ ಈ 2,000 ಏನೆಂದು ಲೆಕ್ಕ ಹಾಕಿದವರಿಗೆ ಗೊತ್ತಿರಲಾರದು.

ಇದರ ಇನ್ನೊಂದು ಮುಖ 2021ರ ವಿಂಟೇಜ್ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲರೂಪದಲ್ಲೇ ಉಳಿದ ಗಾಡಿಗೆ ಗೌರವದ ಪಟ್ಟ, ಬೇರೆ ನಂಬರ್ ಪ್ಲೇಟು. ನೋಂದಣಿಗೆ 20,000. ಪಟ್ಟ ಕಟ್ಟಿಸಿಕೊಂಡ ಮೇಲೆ ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ಹೊರತರಬಹುದು, ದಿನನಿತ್ಯದ ಓಡಾಟಕ್ಕೆ ತರುವಂತಿಲ್ಲ. ಅಂದರೆ 15ರಿಂದ 50ರ ತನಕ ಶುಲ್ಕದ ಪೆಟ್ಟು ತಿನ್ನುತ್ತಾ ಬದುಕಿದರೆ, ಆಮೇಲೆ ಗಾಜಿನ ಪೆಟ್ಟಿಗೆ. ಬುಷ್ ಲೇತ್‌ನಲ್ಲಿ ತಿರುವಿಸಿದ, ತಳಕ್ಕೆ ಬೇರೆ ತಗಡು ಹಾಕಿದ ನಮ್ಮ ಜೀಪು ಆ ಪಂಕ್ತಿಯಲ್ಲಿ ಕೂರುವುದೂ ಅನುಮಾನ. ಬೆಂಗಳೂರಿನಲ್ಲಿ ಇಂಥ ಗಾಡಿಗಳ ಮೆರವಣಿಗೆ ನೋಡಿದ್ದೇನೆ. ಹೊಳಪು ಕಣ್ಣು ಕೋರೈಸುತ್ತದೆ. ಮಾಲೀಕರಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡವರು ಇರಬಹುದು; ನನ್ನ ಕಣ್ಣಿಗೆ ಬೀಳಲಿಲ್ಲ, ಅದು ನನ್ನ ದುರದೃಷ್ಟ ಅನ್ನಿ. ಚೆಕ್ಕು ಬರೆದು ಹೊಸದು ಮಾಡಿಸಿದ ಹಳೆ ಗಾಡಿಯ ಬಗ್ಗೆ ನನಗೆ ತಕರಾರಿಲ್ಲ. ಅದೊಂದೇ ಹಳೆಯದನ್ನು ಪ್ರೀತಿಸುವ ರೀತಿ ಎಂದು ಕಾನೂನು ನಂಬಿರುವುದರ ಬಗ್ಗೆ ತಕರಾರಿದೆ.

ಸಾಹಿತ್ಯದವರ ಮೇಲೂ ಒಂದು ಮಾತು ಇದೆ, ಇಲ್ಲಿ ಓದುವವರು ಅವರೇ ಆದ್ದರಿಂದ. ನಾವು ಎತ್ತಿನ ಬಂಡಿಗಾಗಿ ಎಷ್ಟು ಕಣ್ಣೀರು ಹಾಕಿದ್ದೇವೆ! ನೊಗ, ಈಸು, ಅಚ್ಚು, ಕೀಲೆಣ್ಣೆ, ಒಂದೊಂದು ಪದವೂ ನಮಗೆ ಮುತ್ತು. ಬಂಡಿ ಮಾಡುತ್ತಿದ್ದ ಬಡಿಗೇರ, ಕಂಬಾರರ ಮನೆಗಳ ಎಷ್ಟೋ ಮಕ್ಕಳು ಇವತ್ತು ವೆಲ್ಡಿಂಗ್ ಹಿಡಿದಿದ್ದಾರೆ, ಟಿಂಕರಿಂಗ್ ಮಾಡುತ್ತಿದ್ದಾರೆ. ಅವರ ಪಾನಾ, ಚೆಸ್ಸಿ, ಬುಷ್, ನಾಝಲ್‌ಗಳು ನಮ್ಮ ಬರಹಕ್ಕೆ ಬಂದರೆ ಮಾತ್ರ ಮೂಗು ಮುರಿಯುತ್ತೇವೆ, ಯಂತ್ರ ಎಂದರೆ ಆತ್ಮವಿಲ್ಲದ್ದು ಎಂದು ಭಾಷಣ ಮಾಡುತ್ತೇವೆ. ನೇಯುವವರು, ಬಟ್ಟೆ ಒಗೆಯುವವರು, ಬುಟ್ಟಿ ಹೆಣೆಯುವವರು ಕಾಯಕದ ಹೆಸರಿನಿಂದಲೇ ವಚನಕಾರರಾದ ನಾಡು ಇದು. ಕೂಡಲಸಂಗಮ ನಮ್ಮಿಂದ ದೂರವೂ ಅಲ್ಲ. ಗ್ಯಾರೇಜಿನ ಕಾಯಕಕ್ಕೆ ಮಾತ್ರ ಮಾತು ಯಾಕಿಲ್ಲ? ಎಂ.ಎ. ಓದುವ ಹುಡುಗರಿಗೆ ಸಂಪ್ರಬಂಧಕ್ಕೆ ವಿಷಯ ಸಿಗುತ್ತಿಲ್ಲವಂತೆ. ಲಿಂಗಸುಗೂರಿನ ಯಾವ ಗ್ಯಾರೇಜಿನಲ್ಲಾದರೂ ಒಂದು ತಿಂಗಳು ಕೂತು ಉಸ್ತಾದರು ಬಳಸುವ ಪದಗಳನ್ನು ಬರೆದುಕೊಳ್ಳಲಿ. ಎಂಜಿನ್ನಿನ ಸದ್ದುಗಳಿಗೇ ನಮ್ಮ ಉಸ್ತಾದರಲ್ಲಿ ಒಂಬತ್ತು ಹೆಸರುಗಳಿವೆ.

ಉಸ್ತಾದರ ಮಗ ಹುಬ್ಬಳ್ಳಿಯ ದೊಡ್ಡ ಶೋರೂಮಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಏನನ್ನೂ ರಿಪೇರಿ ಮಾಡುವುದಿಲ್ಲವಂತೆ, ಬದಲಾಯಿಸುತ್ತಾರಂತೆ. ಇಲಾಖೆಯ ಗಾಡಿಗಳು ಹರಾಜಿಗೆ ಬರುವುದು ನಿಂತ ಮೇಲೆ ಇವರ ಗ್ಯಾರೇಜಿಗೂ ಜೀಪುಗಳು ಕಡಿಮೆಯಾಗಿವೆ, ಕಲಿಯಲು ಬರುವ ಹುಡುಗರೂ ಇಲ್ಲ. ನಮ್ಮ ಜೀಪಿನ ನೋಂದಣಿ ಮುಂದಿನ ವರ್ಷ ಮುಗಿಯುತ್ತದೆ. 10,000 ಕಟ್ಟುವುದೆಂದು ಗೆಳೆಯನೂ ನಾನೂ ತೀರ್ಮಾನಿಸಿದ್ದೇವೆ. ಪರೀಕ್ಷೆಗೆ ಒಯ್ಯುವ ಮೊದಲು ನಾಝಲ್‌ಗಳನ್ನು ಇನ್ನೊಮ್ಮೆ ಸಿಂಧನೂರಿಗೆ ಕೊಡಬೇಕು, ಎರಡನೇ ಸಿಲಿಂಡರಿನದು ಸ್ವಲ್ಪ ಸೋರುತ್ತಿದೆ ಎಂದು ಉಸ್ತಾದರಿಗೆ ಸದ್ದಿನಲ್ಲೇ ಗೊತ್ತಾಗಿದೆ.