ಗಿಡದ ಬುಡಕ್ಕೆ ನಿಲ್ಲಿಸಿದ ಮಾಸ್ತರ



ಕಳೆದ ಮೇ ತಿಂಗಳಿನ ಒಂದು ಶನಿವಾರ ಹಳೆಯ ಕೊಡೆಯೊಂದರ ಕಡ್ಡಿ ಸರಿಮಾಡಿಸಲೆಂದು ಸೂಪರ್ ಮಾರ್ಕೆಟ್ಟಿಗೆ ಹೋಗಿದ್ದೆ. ನಮ್ಮ ಕಲಬುರಗಿಯ ಬಿಸಿಲನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಅಂಗಡಿಯ ನೆರಳಿನಲ್ಲಿ ನಿಂತಿದ್ದಾಗ ಬೆನ್ನಿಗೆ ಚೀಲ ಹಾಕಿಕೊಂಡ ನಾಲ್ವರು ಯುವಕರು ಎದುರಾದರು. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿಯ ಮಗ. ಕಾಲು ಮುಟ್ಟಿ ನಮಸ್ಕರಿಸಿ, "ನಾಳಿ ಕಮಲಾಪುರದ ಕಡಿ ಗುಡ್ಡ ಏರ್ಲಿಕ್ಕಿ ಹೊಂಟೀವ್ರಿ ಸರ" ಎಂದ. ಎಷ್ಟು ಹೊತ್ತಿಗೆ ಎಂದು ಕೇಳಿದೆ. "ಮಧ್ಯಾಹ್ನ ಊಟಾ ಮಾಡ್ಕೊಂಡು ಹೋಗ್ತೀವ್ರಿ. ಸಂಜಿ ಮುಂದ ಮಾಡ ಕಟ್ತದಲ್ರಿ, ಫೋಟೋ ಛಂದ ಬರ್ತಾವ."

ನಾನು "ಹುಷಾರಾಗಿ ಹೋಗಿ ಬರ್ರಿ" ಎಂದಷ್ಟೇ ಹೇಳಿ ಸುಮ್ಮನಾದೆ. ಹೇಳಬೇಕಾದ ಮಾತು ಗಂಟಲಿನಲ್ಲೇ ಉಳಿಯಿತು. ಅದನ್ನು ಹೇಳಬೇಕಾದರೆ ಮೂವತ್ತು ವರ್ಷಗಳಿಗೂ ಮೀರಿ ನಾನು ಮುಚ್ಚಿಟ್ಟುಕೊಂಡು ಬಂದ ಸಂಗತಿಯೊಂದನ್ನು ಹೇಳಬೇಕಾಗುತ್ತಿತ್ತು. ಆ ಹುಡುಗರು ಭಾನುವಾರ ರಾತ್ರಿ ಸುರಕ್ಷಿತವಾಗಿ ಮರಳಿದರೆಂದು ಅವರ ಮನೆಗೆ ಫೋನ್ ಮಾಡಿ ತಿಳಿದುಕೊಂಡ ಮೇಲೆಯೇ ನನಗೆ ನಿದ್ದೆ ಬಂದದ್ದು. ಈಗ ಆ ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ಓದುವವರಲ್ಲಿ ಕೆಲವರಾದರೂ ಆ ದಿನ ನನ್ನೊಡನೆ ಇದ್ದವರು.

ಅದು 1991ನೆಯ ಇಸವಿ, ಅಕ್ಟೋಬರ್ ತಿಂಗಳಿನ ಮೊದಲ ವಾರ, ಹಸ್ತ ಮಳೆಯ ದಿನಗಳು. ದಸರಾ ರಜೆಗೆ ಮುಂಚೆ ಮಕ್ಕಳನ್ನು ಹೊರಸಂಚಾರಕ್ಕೆ ಕರೆದೊಯ್ಯುವುದು ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯ ರೂಢಿ. ಒಂಬತ್ತನೆಯ ತರಗತಿಯ 34 ಮಕ್ಕಳು, ನಾನು ಮತ್ತು ನಮ್ಮ ದೈಹಿಕ ಶಿಕ್ಷಕರು. ಆಗಿನ ಗುಲಬರ್ಗಾದ ಸೂಪರ್ ಮಾರ್ಕೆಟ್ಟಿನಲ್ಲಿ ಚುರುಮುರಿ, ಶೇಂಗಾ ಕಟ್ಟಿಸಿಕೊಂಡು, ಮನೆಯ ರೊಟ್ಟಿ ಪುಂಡಿಪಲ್ಯದ ಬುತ್ತಿಯೊಂದಿಗೆ ಬಸ್ಸು ಹತ್ತಿದೆವು. ಕಮಲಾಪುರದಲ್ಲಿಳಿದು ಕೆಂಪು ಬಾಳೆಯ ತೋಟವನ್ನು ನೋಡಿದೆವು. (ಆ ಬಾಳೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅಂದು ನಮಗೆ ಅದು ಬರಿಯ ಬಾಯಿಚಪಲದ ಹಣ್ಣು.) ಅಲ್ಲಿಂದ ಗುಡ್ಡದ ಕಡೆ ನಡೆದೆವು. ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಮೇಲೆ ಹೋಗಿ ಉಂಡು, ಆಡಿ, ಹಾಡಿ, ಎರಡೂವರೆಯ ಸುಮಾರಿಗೆ ನೋಡುತ್ತೇವೆ, ಹುಮನಾಬಾದಿನ ದಿಕ್ಕಿನಲ್ಲಿ ಕಾಡಿಗೆಯಂತಹ ಮೋಡ.

ಗುಡ್ಡದ ನೆತ್ತಿಯ ಮೇಲೆ ಇದ್ದುದು ಒಂದೇ ಒಂದು ದೊಡ್ಡ ಬೇವಿನ ಮರ. ಗಾಳಿ ಬೀಸಿತು, ದಪ್ಪ ಹನಿ ನಾಲ್ಕಾರು ಬಿದ್ದವು. ನಾನು ಸೀಟಿ ಊದಿ ಮಕ್ಕಳನ್ನೆಲ್ಲ ಆ ಮರದ ಬುಡಕ್ಕೆ ಕೂಡಿಸಿದೆ. ಒಬ್ಬರಿಗೊಬ್ಬರು ಒತ್ತಿಕೊಂಡು ನಿಲ್ಲಲು ಹೇಳಿದೆ. ಅಷ್ಟರಲ್ಲಿ ಒಬ್ಬ ಹುಡುಗಿಯ ಮುಂಗೂದಲು ಮೆಲ್ಲಗೆ ಮೇಲಕ್ಕೆದ್ದು ನಿಂತವು. ಮಕ್ಕಳು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನನ್ನ ಕೈಯಲ್ಲಿದ್ದ ಕೊಡೆಯ ತುದಿಯಿಂದ ಜೇನುಹುಳದ ಹಾಗೆ ಸಣ್ಣದೊಂದು ಗುಂಯ್ ಎಂಬ ಸದ್ದು ಹೊರಡುತ್ತಿತ್ತು.

ಕೆಳಗಿನ ಇಳಿಜಾರಿನಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬಾತ ಅಲ್ಲಿಂದಲೇ ಕೂಗಿದ. "ಏ ಸರ! ಹುಡುಗುರಿಗಿ ಗಿಡದ ಬುಡುಕ ಯಾಕ ನಿಂದ್ರಿಸೀರಿ? ತೆಗ್ಗಿಗಿ ಇಳಸ್ರಿ, ಲಗೂನ ಇಳಸ್ರಿ!" ಮಕ್ಕಳು ತೊಯ್ದರೆ ಜ್ವರ ಬರುತ್ತದೆಂದು ನಾನು ತಿರುಗಿ ಕೂಗಿದೆ. ಆತ ಬೈಗುಳವನ್ನೇ ಬೈದ. ಆ ಬೈಗುಳಕ್ಕೆ ಬೆಲೆ ಕೊಟ್ಟವರು ನಾನಲ್ಲ, ದೈಹಿಕ ಶಿಕ್ಷಕರು. ಅವರು ಮಕ್ಕಳನ್ನು ಓಡಿಸಿಕೊಂಡು ಕೆಳಗಿಳಿದರು, ನಾನು ಗೊಣಗುತ್ತ ಹಿಂಬಾಲಿಸಿದೆ. ಐದು ನಿಮಿಷವೂ ಆಗಿರಲಿಕ್ಕಿಲ್ಲ. ಕಣ್ಣು ಬೆಳ್ಳಗಾಯಿತು. ಸದ್ದನ್ನು ಕೇಳಿದೆನೆಂದು ಹೇಳಲಾರೆ, ಎದೆಯೊಳಗೆ ಯಾರೋ ಗುದ್ದಿದಂತಾಯಿತು. ಎಲ್ಲರಿಗಿಂತ ಹಿಂದಿದ್ದ ಹುಡುಗನೊಬ್ಬ ಕಾಲು ಕಿತ್ತವನಂತೆ ಕುಸಿದು ಬಿದ್ದ. ಅರ್ಧ ಗಂಟೆ ಅವನ ಕಾಲುಗಳಲ್ಲಿ ಶಕ್ತಿಯಿರಲಿಲ್ಲ, ಆಮೇಲೆ ಎದ್ದು ನಡೆದ. ಮಳೆ ನಿಂತ ಮೇಲೆ ತಿರುಗಿ ನೋಡಿದರೆ ಬೇವಿನ ಮರದ ತೊಗಟೆ ತುದಿಯಿಂದ ಬುಡದವರೆಗೆ ಒಂದು ಪಟ್ಟಿಯಾಗಿ ಸುಲಿದು ಹೋಗಿತ್ತು.

ಮರುದಿನ ಮುಖ್ಯೋಪಾಧ್ಯಾಯರಿಗೆ "ಮಳೆಗೆ ಸಿಕ್ಕೆವು" ಎಂದು ಮಾತ್ರ ವರದಿ ಮಾಡಿದೆ. ಪಾಲಕರಿಗೆ ಅದನ್ನೂ ಹೇಳಲಿಲ್ಲ.

ನನ್ನನ್ನು ಇಂದಿಗೂ ಕಾಡುವುದು ನನ್ನ ಅಜ್ಞಾನವಲ್ಲ, ನನಗೆ ಎಲ್ಲವೂ ಗೊತ್ತಿತ್ತೆಂಬುದು. ಅದೇ ವರ್ಷ ಜುಲೈ ತಿಂಗಳಿನಲ್ಲಿ ಅದೇ ಮಕ್ಕಳಿಗೆ ಸ್ಥಾಯೀ ವಿದ್ಯುತ್ತಿನ ಪಾಠ ಮಾಡಿದ್ದೆ. ಬೆಂಜಮಿನ್ ಫ್ರಾಂಕ್ಲಿನ್ 1752ರಲ್ಲಿ ನಡೆಸಿದ ಗಾಳಿಪಟದ ಪ್ರಯೋಗವನ್ನು ರಂಜಕವಾಗಿ ವಿವರಿಸಿದ್ದೆ. ಮರುವರ್ಷವೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಕ್‌ಮನ್ ಎಂಬ ವಿಜ್ಞಾನಿ ಅಂಥದೇ ಪ್ರಯೋಗದಲ್ಲಿ ಪ್ರಾಣ ಕಳೆದುಕೊಂಡದ್ದನ್ನೂ ಹೇಳಿದ್ದೆ. ಚೂಪಾದ ತುದಿಯಲ್ಲಿ ಆವೇಶ ಸಾಂದ್ರವಾಗುತ್ತದೆಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದೆ. ಕೊಡೆಯ ತುದಿ ಗುಂಯ್‌ಗುಟ್ಟಿದಾಗ, ಮಗುವಿನ ಕೂದಲು ನಿಮಿರಿದಾಗ ಆ ಪಾಠವೇ ನನ್ನ ಕಣ್ಣೆದುರಿಗೆ ಬಂದು ನಿಂತಿತ್ತು, ನಾನು ಗುರುತಿಸಲಿಲ್ಲ. ಕೂದಲು ನಿಮಿರುವುದೆಂದರೆ ನೆಲದ ಆವೇಶ ನಮ್ಮ ಮೈಯನ್ನೇ ಏಣಿಯಾಗಿ ಮಾಡಿಕೊಂಡು ಮೇಲೇರುತ್ತಿದೆ ಎಂದರ್ಥ. ಸಿಡಿಲು ಬೀಳಲು ಕೆಲವು ಕ್ಷಣಗಳಷ್ಟೇ ಉಳಿದಿರಬಹುದು.

ನಮ್ಮ ಪರೀಕ್ಷೆಗಳಲ್ಲಿ "ಮಿಂಚುವಾಹಕದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂಬ ಪ್ರಶ್ನೆಯನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಮಕ್ಕಳು ತಾಮ್ರದ ಪಟ್ಟಿಯನ್ನು ನೀಟಾಗಿ ಬರೆದು ಪೂರ್ಣ ಅಂಕ ಪಡೆದಿದ್ದಾರೆ. ಹೊಲದಲ್ಲಿ ಗುಡುಗಿದರೆ ಎಲ್ಲಿಗೆ ಓಡುತ್ತೀಯೆಂದು ಒಂದು ಸಲವೂ ಕೇಳಲಿಲ್ಲ. ಇದು ನನ್ನೊಬ್ಬನ ತಪ್ಪಲ್ಲ, ಆದರೆ ನನ್ನ ಪಾಲೂ ಇದೆ.

ಸಿಡಿಲನ್ನು ನಾವು ಹಣೆಬರಹದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಇವರೇನು ಪಂಚಾಂಗ ನೋಡಿ ಆಯ್ಕೆಯಾದವರೆ? ಹೊಲದಲ್ಲಿ ಕಳೆ ಕೀಳುವವರು, ದನ ಕಾಯುವವರು ಅದಕ್ಕೆ ಹೆಚ್ಚಾಗಿ ಸಿಕ್ಕುತ್ತಾರೆ. ಸೂಪರ್ ಮಾರ್ಕೆಟ್ಟಿನ ಗಲ್ಲೆಯ ಮೇಲೆ ಕುಳಿತವರು ಅಪರೂಪ. ಅಮೆರಿಕದ ಅರಣ್ಯ ರಕ್ಷಕ ರಾಯ್ ಸಲಿವನ್ 1942ರಿಂದ 1977ರವರೆಗೆ ಏಳು ಬಾರಿ ಸಿಡಿಲಿಗೆ ಸಿಕ್ಕಿ ಬದುಕಿದನೆಂದರೆ ನಾವು ಅವನ ಜಾತಕವನ್ನು ಕೇಳುತ್ತೇವೆ. ಗುಡ್ಡಗಾಡಿನ ಬಯಲಿನಲ್ಲಿ ತಿರುಗುವುದೇ ಅವನ ನೌಕರಿಯಾಗಿತ್ತೆಂಬುದನ್ನು ಗಮನಿಸುವುದಿಲ್ಲ.

ಗುಡ್ಡ ಹತ್ತುವವರು ಪೋಲೆಂಡಿನ ಗೀವಂತ್ ಶಿಖರದ ಕಥೆಯನ್ನು ತಿಳಿದಿರಬೇಕು. 2019ರ ಆಗಸ್ಟ್ 22ರಂದು ಬೆಳಗ್ಗೆ ಅಲ್ಲಿಯೂ ಆಕಾಶ ತಿಳಿಯಾಗಿತ್ತು. ಮಧ್ಯಾಹ್ನ ನೆತ್ತಿಯ ಮೇಲಿನ ಕಬ್ಬಿಣದ ಶಿಲುಬೆಯ ಬಳಿ ಸಿಡಿಲೆರಗಿತು. ಹತ್ತುವವರ ಆಸರೆಗೆಂದು ಹಾಕಿದ್ದ ಸರಪಳಿಗಳಲ್ಲಿಯೂ ವಿದ್ಯುತ್ತು ಹರಿಯಿತು. ನಾಲ್ವರು ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ನಮ್ಮಲ್ಲಿಯೇ 2021ರ ಜುಲೈ 11ರಂದು ಜೈಪುರದ ಆಮೇರ್ ಕೋಟೆಯ ಬಳಿಯ ಕಾವಲು ಗೋಪುರವನ್ನೇರಿ ಮಳೆಯ ಸೊಬಗನ್ನು ನೋಡುತ್ತ, ಫೋಟೋ ತೆಗೆದುಕೊಳ್ಳುತ್ತ ಇದ್ದವರಲ್ಲಿ 11 ಜನ ಪ್ರಾಣ ಬಿಟ್ಟರು.

ನಮ್ಮ ಜಿಲ್ಲೆಯಲ್ಲಿ ಅಂಥ ಶಿಖರಗಳೆಲ್ಲಿವೆ ಎಂದು ನೀವು ಕೇಳಬಹುದು. ತೊಗರಿಯ ಬಯಲಿನಲ್ಲಿ ನಿಂತವನೇ ಶಿಖರ. ಸುತ್ತ ಮೂರು ಮೈಲಿ ಎದೆಯೆತ್ತರದ ಬೆಳೆಯಲ್ಲದೆ ಮತ್ತೇನೂ ಇಲ್ಲದ ಕಡೆ ಆತನ ತಲೆಯೇ ಮೋಡಕ್ಕೆ ಹತ್ತಿರ. ಆತ ಓಡುವುದು ಬದುವಿನ ಮೇಲಿನ ಒಂಟಿ ಬೇವಿನ ಮರಕ್ಕೆ, ಎಂದರೆ ಒಂದು ಶಿಖರದಿಂದ ಇನ್ನೂ ಎತ್ತರದ ಶಿಖರಕ್ಕೆ. ಮರಕ್ಕೆ ಬಿದ್ದ ಸಿಡಿಲು ಪಕ್ಕದಲ್ಲಿ ನಿಂತವನ ಮೈಗೆ ಹಾರುತ್ತದೆ, ಬೇರಿನ ಸುತ್ತ ನೆಲದಲ್ಲಿಯೂ ಹರಡುತ್ತದೆ. ಎರಡು ಕಾಲುಗಳ ನಡುವಿನ ಅಂತರ ಹೆಚ್ಚಿದಷ್ಟೂ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುವ ವಿದ್ಯುತ್ತು ಹೆಚ್ಚು. ಮರದಡಿಯ ದನಗಳು ಹಿಂಡುಹಿಂಡಾಗಿ ಸಾಯುವುದಕ್ಕೆ ಅವುಗಳ ಮುಂಗಾಲು ಹಿಂಗಾಲುಗಳ ನಡುವಿನ ಅಂತರವೂ ಒಂದು ಕಾರಣ. ನಮ್ಮ ಹುಡುಗ ಅಂದು ಕುಸಿದದ್ದೂ ನೆಲದೊಳಗಿನಿಂದ ಬಂದ ಅಂಥ ಪೆಟ್ಟಿಗೇ.

ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳುವುದನ್ನು ನನ್ನ ತಾಯಿಯವರು ಕಲಿಸಿದ್ದರು. ಅದನ್ನು ನಾನು ಹೀಗಳೆಯುವುದಿಲ್ಲ, ಇಂದಿಗೂ ನನ್ನ ನಾಲಿಗೆಯ ಮೇಲೆ ತಾನಾಗಿ ಬರುತ್ತದೆ. ಆದರೆ ನಿಂತು ಹೇಳಬೇಡಿರಿ, ಪಕ್ಕಾ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ನಡೆಯುತ್ತ ಹೇಳಿರಿ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ಮೂವತ್ತಕ್ಕಿಂತ ಕಡಿಮೆಯಾದರೆ ಹೊರಗಿರಬಾರದು; ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಓಡಿಹೋಗಲು ಏನೂ ಇಲ್ಲದಿದ್ದರೆ ನೆತ್ತಿಯಿಂದ, ಒಂಟಿ ಮರದಿಂದ ದೂರವಾಗಿ ತಗ್ಗಿಗೆ ಇಳಿದು, ಪಾದಗಳನ್ನು ಜೋಡಿಸಿಕೊಂಡು, ಒಬ್ಬರಿಂದೊಬ್ಬರು ಅಂತರದಲ್ಲಿರಬೇಕು. ಇದು ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ನಾನು ಮಕ್ಕಳನ್ನು ಒತ್ತಿ ನಿಲ್ಲಿಸಿದ್ದೆನಲ್ಲ, ಒಂದೇ ಏಟಿಗೆ ಮೂವತ್ತಾರು ಜನ!

ಸಿಡಿಲು ಬಡಿದವರನ್ನು ಮುಟ್ಟಲು ಹಲವರು ಅಂಜುತ್ತಾರೆ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಕೆಲವು ರಾಜ್ಯಗಳಲ್ಲಿ ಸಗಣಿಯಲ್ಲಿ ಹೂತಿಡುವ ಪದ್ಧತಿಯಿದೆ. ಅದರಿಂದ ಹಾಳಾಗುವ ನಿಮಿಷಗಳಲ್ಲಿ ಎದೆ ಒತ್ತಿ, ಉಸಿರು ಕೊಟ್ಟು ಆಸ್ಪತ್ರೆಗೆ ಒಯ್ದರೆ ಬದುಕಬಲ್ಲವರು ಎಷ್ಟೋ ಜನರಿದ್ದಾರೆ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 'ದಾಮಿನಿ' ಎಂಬ ಮೊಬೈಲ್ ಸಾಧನವನ್ನು ರೂಪಿಸಿದ್ದಾರೆ. ಸುತ್ತಲಿನ 20ರಿಂದ 40 ಕಿ.ಮೀ. ವ್ಯಾಪ್ತಿಯ ಸಿಡಿಲಿನ ಸೂಚನೆಯನ್ನು ಅದು ಕೊಡುತ್ತದೆ. ಒಳ್ಳೆಯದೇ. ಆದರೆ ಸಿಗ್ನಲ್ ಸಿಗದ ಗುಡ್ಡದ ಮೇಲೆ ಕಣ್ಣು ಕಿವಿಗಳೇ ಗತಿ. ಬೇಸಿಗೆ ರಜೆಗೆ ಮುಂಚೆ ಒಂದು ಸಲ, ಶಾಲೆ ತೆರೆದ ಜೂನ್ ತಿಂಗಳಿನಲ್ಲಿ ಇನ್ನೊಂದು ಸಲ ಪ್ರತಿ ಹಳ್ಳಿಯ ಶಾಲೆಯಲ್ಲಿ ಒಂದು ಅವಧಿಯನ್ನು ಇದಕ್ಕೆ ಮೀಸಲಿಡಬೇಕೆಂಬುದು ನನ್ನ ಆಗ್ರಹ. ಚಿತ್ರ ಬರೆಸುವುದು ಬೇಡ, ಮೈದಾನಕ್ಕೆ ಕರೆದೊಯ್ದು "ಈಗ ಗುಡುಗಿತು, ಓಡಿರಿ" ಎನ್ನಬೇಕು. ಯಾರು ಮರದ ಕಡೆ ಓಡುತ್ತಾರೆಂಬುದನ್ನು ನೋಡಬೇಕು. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಸುತ್ತೋಲೆಗಾಗಿ ಕಾಯಬೇಕಾಗಿಲ್ಲ. ಗುಡ್ಡಕ್ಕೆ ಹೋಗುವ ನಿಮ್ಮ ಮಕ್ಕಳಿಗೆ, ಏಪ್ರಿಲ್ ಮೇ ತಿಂಗಳುಗಳಲ್ಲಾಗಲಿ ಹಿಂಗಾರಿನಲ್ಲಾಗಲಿ, ನಸುಕಿನಲ್ಲಿ ಹೊರಟು ಮಧ್ಯಾಹ್ನದೊಳಗೆ ಇಳಿದು ಬರಲು ಹೇಳಿರಿ.

ಆ ದಿನ ಕುಸಿದು ಬಿದ್ದ ಹುಡುಗ ಈಗ ಬೇರೆ ಊರಿನಲ್ಲಿ ಎರಡು ಮಕ್ಕಳ ತಂದೆ. ಈ ಬರಹವನ್ನು ಓದಿದರೆ ತಾನೆಂದು ತಿಳಿದುಕೊಳ್ಳುತ್ತಾನೆ. ಅಪ್ಪಾ, ನಿನ್ನ ತಂದೆತಾಯಿಗಳಿಗೆ ನಾನು ಅಂದೇ ಬಂದು ಹೇಳಬೇಕಾಗಿತ್ತು, ಹೇಳಲಿಲ್ಲ, ಕ್ಷಮಿಸು.

ಇನ್ನೊಂದು ಮಾತು. ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ಆ ಕುರಿಗಾಹಿಯ ಹೆಸರನ್ನು ನಾನು ಕೇಳಲಿಲ್ಲ. ಊರು ಯಾವುದೆಂದೂ ಕೇಳಲಿಲ್ಲ. ನಿಮ್ಮಲ್ಲಿ ಯಾರಾದರೂ ಕೇಳಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿರಿ.